ಮೇಲಿನ ಬಡಾವಣೆಗೆ ನಾವು ಬರುವುದಿಲ್ಲ

ಲಾಂಡ್ರಿ ಮೇಲಿನ ಮನೆ,
ಹನ್ನೊಂದನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿಮ್ಮ ಎಡಗಿವಿ ಹೇಗಿದೆ? ಗುಂಯ್ ಎನ್ನುವ ಸದ್ದು ಈಗ ನಿದ್ದೆಯಲ್ಲೂ ಬಿಡುತ್ತಿಲ್ಲ ಎಂದು ಹೋದ ಪತ್ರದಲ್ಲಿ ಬರೆದು, ಅದರ ಕೆಳಗೇ "ಅಮ್ಮನಿಗೆ ಹೇಳಬೇಡ" ಎಂದು ಸೇರಿಸಿದ್ದೀರಿ. ನಿಮ್ಮ ಪತ್ರಗಳನ್ನು ಮೊದಲು ಒಡೆಯುವವಳು ಅಮ್ಮನೇ ಎಂಬುದು ಇಷ್ಟು ವರ್ಷವಾದರೂ ನಿಮ್ಮ ತಲೆಗೆ ಹೋಗಿಲ್ಲ. ಹಡಗಿನ ಡಾಕ್ಟರು ಕೊಟ್ಟ ಹನಿ ಹಾಕಿಕೊಳ್ಳುತ್ತಿದ್ದೀರಾ? ಎಂಜಿನ್ ಕೋಣೆಗೆ ಇಳಿಯುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೀರಾ? ನಿಮ್ಮ ಮೇಲಿನವರು ಹಾಕಿಕೊಳ್ಳುವುದಿಲ್ಲ ಎಂದು ನೀವೂ ಬರಿಗಿವಿಯಲ್ಲಿ ನಿಲ್ಲುವುದು ಕಂಪನಿಗೆ ನೀವು ಕೊಡುವ ಬಿಟ್ಟಿ ದಾನ, ಅಷ್ಟೇ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಸೊಂಟ ನೋವು ಕಡಿಮೆಯಾಗಿದೆ, ಅವಳ ಬಾಯಿ ಮಾತ್ರ ಹಾಗೇ ಇದೆ. ಕೆಳಗಿನ ಲಾಂಡ್ರಿಯವರು ಮತ್ತೆ ಬಂದಿದ್ದರು. ಹೊಸ ಯಂತ್ರಗಳಿಗೆ ಜಾಗ ಸಾಲದಂತೆ, ಬೇಸಿಗೆಯೊಳಗೆ ಮೇಲಿನ ಮನೆ ಬಿಟ್ಟುಕೊಡಬೇಕಂತೆ. ಒಳ್ಳೆಯ ಮಾತಿನಲ್ಲೇ ಹೇಳಿದರು. ಹೇಳಿ ಮುಗಿಸಿ ನನ್ನ ಕೆಲಸದ ಅಂಗಿಯನ್ನು ದುಡ್ಡು ತೆಗೆದುಕೊಳ್ಳದೆ ಇಸ್ತ್ರಿ ಮಾಡಿಕೊಟ್ಟರು. ಹೊರಗೆ ಹಾಕುವಾಗ ಅಂಗಿಗೆ ಗೆರೆ ನೇರವಿರಲಿ ಎಂದಿರಬೇಕು.

ಹಾಗಾಗಿ ಮನೆಯ ವಿಷಯವನ್ನು ಇನ್ನು ಮುಂದೂಡುವಂತಿಲ್ಲ. ಮೇಲಿನ ಬಡಾವಣೆಯ ಬಣ್ಣದ ಪುಸ್ತಿಕೆಗೆ ನೀವು ಮನಸ್ಸು ಸೋತಿದ್ದೀರಿ ಎಂದು ಬಲ್ಲೆ. ಗುಡ್ಡದ ಮೇಲಿನ ಗಾಳಿ, ಕಾಂಪೌಂಡು, ಮರಗಳು, ಮೌನ. ಆ ಮೌನ ಎಂಬ ಪದದ ಕೆಳಗೆ ನೀವು ಎರಡು ಸಲ ಗೆರೆ ಎಳೆದು ಕಳಿಸಿದಿರಿ. ಎಂಜಿನ್ನಿನ ಪಕ್ಕದಲ್ಲಿ ಆಯುಷ್ಯ ಕಳೆದವರಿಗೆ ಆ ಪದ ಎಷ್ಟು ರುಚಿಯೋ ನನಗೆ ಅರ್ಥವಾಗುತ್ತದೆ. ಆದರೆ ಅಪ್ಪಾ, ಆ ಪುಸ್ತಿಕೆಯನ್ನು ಮಡಚಿದ್ದು ನಮ್ಮ ಪ್ರೆಸ್ಸಿನಲ್ಲಿ, ನಾನೇ. ಮೊದಲ ಪುಟದ ಆ ದೊಡ್ಡ ಮರವನ್ನು ಅದೇ ವಾರ ಒಂದು ವಿಮಾ ಕಂಪನಿಯ ಹಾಳೆಯಲ್ಲೂ, ಒಂದು ಕಣ್ಣಾಸ್ಪತ್ರೆಯ ಹಾಳೆಯಲ್ಲೂ ಮಡಚಿದ್ದೇನೆ. ಅದು ಎಲ್ಲೂ ಬೆಳೆದಿಲ್ಲ. ನಾನು ಓದುವುದೆಲ್ಲ ನಾಲ್ಕು ಪುಟದ, ಎಂಟು ಪುಟದ ಕರಪತ್ರಗಳು ಎಂದು ನೀವು ನಗುತ್ತೀರಿ. ನಗಿ. ಮಡಚುವ ಕೈಗೆ ಬಂದದ್ದನ್ನೆಲ್ಲ ಓದುತ್ತೇನೆ, ಸುಳ್ಳು ಯಾವುದು ಎಂದು ಆ ಕೈಗೇ ಮೊದಲು ಗೊತ್ತಾಗುತ್ತದೆ. ಮನೆ ಎನ್ನುವುದು ಬದುಕಲಿಕ್ಕೆ ಇರುವ ಜಾಗ, ಮೆರೆಯಲಿಕ್ಕೆ ಇರುವುದಲ್ಲ ಎಂದು ಒಂದು ಕರಪತ್ರದಲ್ಲಿ ಓದಿದ್ದೆ. ಬರೆದವರು ಯಾರೋ ತಿಳಿಯದು. ನಾನು ಅದಕ್ಕೆ ಸಹಿ ಹಾಕುತ್ತೇನೆ.

ಅಮ್ಮನೂ ನಾನೂ ಹೋದ ಗುರುವಾರ ಮೇಲಿನ ಬಡಾವಣೆಗೆ ಹೋಗಿದ್ದೆವು. ಬಸ್ಸು ಗುಡ್ಡದ ಬುಡದಲ್ಲೇ ನಿಲ್ಲುತ್ತದೆ, ಮೇಲಕ್ಕೆ ಹೋಗುವವರಿಗೆಲ್ಲ ಕಾರಿದೆ ಎಂಬ ನಂಬಿಕೆ. ಗೇಟಿನಲ್ಲಿ ಕಾವಲುಗಾರ ನಮ್ಮಿಬ್ಬರನ್ನು ನೋಡಿ, "ಕೆಲಸದವರು ಹಿಂದಿನ ಗೇಟು" ಎಂದ. ನನಗೆ ಮೈಯೆಲ್ಲ ಉರಿಯಿತು. ಅಮ್ಮ ನನ್ನ ತೋಳು ಹಿಡಿದು, "ಕೊಳ್ಳೋಕೆ ಬಂದಿದೀವಪ್ಪಾ, ಯಾವ ಗೇಟಿಂದ ಹೋದ್ರೆ ಕಡಿಮೆ ಆಗುತ್ತೆ ಹೇಳು" ಎಂದಳು. ಅವನು ಪಾಪ, ನಗಬೇಕೋ ಬೇಡವೋ ತಿಳಿಯದೆ ಗೇಟಿನ ಅಡ್ಡಕಂಬಿ ಎತ್ತಿದ. ಒಳಗೆ ಆಫೀಸಿನಲ್ಲಿ ಮ್ಯಾನೇಜರು ನಿಯಮಗಳನ್ನು ಓದಿ ಹೇಳಿದರು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಂತಿಲ್ಲ. ಬಂದುಹೋಗುವವರೆಲ್ಲ ಗೇಟಿನಲ್ಲಿ ಹೆಸರು, ಕಾರಣ ಹೇಳಬೇಕು. ಮನೆಯಲ್ಲಿ ಯಾವ ಕಸುಬೂ ನಡೆಸುವಂತಿಲ್ಲ. ಅಮ್ಮ ಅಲ್ಲಿ ತಡೆದಳು. ಬಟ್ಟೆ ಹೊಲಿಯುತ್ತೇನೆ, ಅಳತೆ ಕೊಡಲು ಜನ ಬರುತ್ತಾರೆ ಎಂದಳು. ಆ ಮನುಷ್ಯ ತೀರಾ ಪ್ರೀತಿಯಿಂದ, "ಇಲ್ಲಿಗೆ ಬಂದ ಮೇಲೆ ನೀವು ಹೊಲಿಯೋ ಅಗತ್ಯ ಏನಿರುತ್ತೆ ಅಮ್ಮಾ, ಆರಾಮಾಗಿರಿ" ಎಂದರು. ಆಮೇಲೆ ಮನೆ ನೋಡಲು ಅಮ್ಮ ಅವರ ಹಿಂದೆ ಹೋದಳು. ಅಡಿಗೆಮನೆಯ ಕಲ್ಲನ್ನು ಸವರಿ ನೋಡಿದಳು, ಚೆನ್ನಾಗಿದೆ ಎಂದಳು. ವಾಪಸು ಬಸ್ಸಿನಲ್ಲಿ ನಾನು ಕೂಗಾಡುತ್ತಿದ್ದರೆ ಅವಳು ಕಿಟಕಿಯ ಕಡೆ ತಿರುಗಿ, "ಅವರಿಗೆ ಇಷ್ಟ ಅಲ್ವಾ, ಬಿಡು" ಎಂದಳು.

ಬಿಡುವುದಿಲ್ಲ. ನಿಮಗೆ ಇಷ್ಟವಿರುವುದನ್ನು ಅವಳು ಬಾಯಿ ಬಿಟ್ಟು ಬೇಡ ಎನ್ನುವವಳಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅಮ್ಮನ ಮಷೀನು ನಮ್ಮ ಮನೆಯ ಹೊಟ್ಟೆಪಾಡು ಮಾತ್ರವಲ್ಲ ಅಪ್ಪಾ. ನೀವು ವರ್ಷಕ್ಕೊಮ್ಮೆ ಬಂದು ಹೋಗುವ ಈ ಮನೆಯಲ್ಲಿ ಅವಳಿಗೆ ನಾಲ್ಕು ಜನರ ಮುಖ ತೋರಿಸುವುದು ಆ ಮಷೀನೇ. ರಾತ್ರಿಪಾಳಿ ಮುಗಿಸಿದ ನರ್ಸು ಬರುತ್ತಾಳೆ, ಹೊಟ್ಟೆ ಬೆಳೆದ ಡ್ರೈವರು ಪ್ಯಾಂಟು ಬಿಚ್ಚಿಸಿಕೊಳ್ಳಲು ಬರುತ್ತಾನೆ (ಹೊಲಿಗೆ ಬಿಚ್ಚಿಸಿಕೊಳ್ಳಲು, ನೀವು ಬೇರೆ ಅರ್ಥ ಮಾಡಿಕೊಳ್ಳಬೇಡಿ), ಗಂಡನ ಮೇಲೆ ದೂರು ಹೇಳಲೆಂದೇ ಗುಂಡಿ ಕಿತ್ತುಕೊಂಡು ಬರುವವರೂ ಇದ್ದಾರೆ. ಇವರಲ್ಲಿ ಯಾರು ಗುಡ್ಡ ಹತ್ತಿ, ಗೇಟಿನಲ್ಲಿ ಕಾರಣ ಹೇಳಿ ಬರುತ್ತಾರೆ? ಅಮ್ಮ ಆ ನುಣುಪು ಕಲ್ಲಿನ ಅಡಿಗೆಮನೆಯಲ್ಲಿ ಕೈಕಟ್ಟಿ ಕೂರುತ್ತಾಳೆ. ಆ ಮನೆಯ ಕಂತು ತೀರಿಸಲು ನೀವು ಇನ್ನೂ ಐದಾರು ವರ್ಷ ಎಂಜಿನ್ ಕೋಣೆಯಲ್ಲೇ ಇರುತ್ತೀರಿ. ಮೌನವನ್ನು ಕೊಳ್ಳಲು ಉಳಿದ ಕಿವಿಯನ್ನೂ ಕೊಡುವ ಲೆಕ್ಕ ಯಾವ ಲೆಕ್ಕ? ನೀವು ಕೊಳ್ಳುವ ಮೌನ ಪೂರ್ತಿ ಅಮ್ಮನ ಪಾಲಿಗೆ ಬೀಳುತ್ತದೆ.

ಈಗ ಡಿಪೋ ಬಡಾವಣೆಯ ವಿಷಯ. ಹೆಸರು ಕೇಳಿದೊಡನೆ ಮುಖ ಸಿಂಡರಿಸಬೇಡಿ. ಬಸ್ ಡಿಪೋದ ಹಿಂಭಾಗ ಎಂದರೆ ಡೀಸೆಲ್ ವಾಸನೆ, ಇಕ್ಕಟ್ಟು ಎಂಬುದು ನಿಮ್ಮ ಕಾಲದ ಮಾತು. ವಾಸನೆ ಈಗಲೂ ಇದೆ, ಇಕ್ಕಟ್ಟೂ ಇದೆ, ಆದರೆ ಅದಷ್ಟೇ ಅಲ್ಲ. ಒಂದು ಬಡಾವಣೆಯನ್ನು ಅರಿಯಬೇಕಾದರೆ ಅಪರಿಚಿತರಂತೆ ಬಾಗಿಲು ತಟ್ಟಿ ಕುಡಿಯಲು ನೀರು ಕೇಳಬೇಕು ಎಂದು ನಾನು ಯೋಚಿಸಿದ್ದೆ. ಈ ವಿದ್ಯೆ ಯಾವ ಕರಪತ್ರದ್ದೂ ಅಲ್ಲ, ನನ್ನದೇ. ಮೇಲಿನ ಬಡಾವಣೆಯಲ್ಲಿ ಅಮ್ಮ ಆಫೀಸಿನಲ್ಲಿ ಕೂತಿದ್ದಾಗ ಒಂದು ಬೀದಿಯಲ್ಲಿ ತಟ್ಟಿ ನೋಡಿದೆ. ಎಲ್ಲರ ಮನೆಯಲ್ಲೂ ಗಂಟೆ ಮಾತ್ರ ಹಾಡಿತು. ಕೊನೆಗೆ ಒಂದು ಮನೆಯ ಕಿಟಕಿಯಿಂದ ಒಬ್ಬ ಹೆಂಗಸು, "ನಾನು ಕೆಲಸಕ್ಕಿರೋಳು ಕಣಮ್ಮ, ಬಾಗಿಲು ತೆಗೆಯೋಕೆ ನನಗೆ ಹೇಳಿಲ್ಲ" ಎಂದಳು. ಶನಿವಾರ ಡಿಪೋ ಬಡಾವಣೆಗೆ ಒಬ್ಬಳೇ ಹೋದೆ. ಅಲ್ಲಿ ತಟ್ಟಿದ ಬಾಗಿಲೆಲ್ಲ ತೆರೆಯಿತು. ಒಬ್ಬರು ಲೋಟ ಕೊಟ್ಟರು, ಒಬ್ಬರು ಚೊಂಬೇ ಕೊಟ್ಟರು, ಇನ್ನೊಬ್ಬರು ನೀರಿನ ಜೊತೆ ನನ್ನ ಊರು, ಕೆಲಸ, ಮದುವೆ ಎಲ್ಲವನ್ನೂ ವಿಚಾರಿಸಿ, ಕೊನೆಯದರಲ್ಲಿ ನನ್ನ ಉತ್ತರ ಇಷ್ಟವಾಗದೆ ಇನ್ನೊಂದು ಲೋಟ ಕುಡಿಸಿದರು. ನನಗೆ ಹೆಮ್ಮೆಯೇ ಹೆಮ್ಮೆ. ಅದರ ಫಲ ಬೀದಿಯ ಕೊನೆ ಮುಟ್ಟುವಾಗ ಗೊತ್ತಾಯಿತು. ಕೊನೆಯ ಮನೆಯ ಬಾಗಿಲನ್ನು ನೀರಿಗಾಗಿ ತಟ್ಟಲಿಲ್ಲ ಅಪ್ಪಾ, ಅದರ ತದ್ವಿರುದ್ಧ ಕಾರಣಕ್ಕೆ ತಟ್ಟಿದೆ.

ಬಾಗಿಲು ತೆಗೆದವರು ಕ್ಲಾರಿನೆಟ್ ಕೈಯಲ್ಲಿ ಹಿಡಿದ ಒಬ್ಬ ಮುದುಕರು. ನನ್ನ ಮುಖ ನೋಡಿದೊಡನೆ ಏನೂ ಕೇಳದೆ, "ಎಡಗಡೆ, ಚಿಲಕ ಸ್ವಲ್ಪ ಬಿಗಿ" ಎಂದರು. ಹೊರಗೆ ಬಂದ ಮೇಲೆ ಮಾತಾಯಿತು. ಬ್ಯಾಂಡ್ ಮಾಸ್ತರರಾಗಿದ್ದವರಂತೆ, ಈಗ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗೆ ಒಬ್ಬರೇ ಇದ್ದಾರೆ. ಉಳಿದ ಮನೆಯೆಲ್ಲ ಖಾಲಿ: ಕೆಳಗೆ ಬೀದಿಗೆ ತೆರೆದ ಮುಂಗೋಣೆ, ಮೇಲೆ ಎರಡು ಕೋಣೆ, ಒಂದು ಅಡಿಗೆಮನೆ, ಬೆಳಕು ತುಂಬಿದ ಮೆಟ್ಟಿಲು. ಮಾಲೀಕರು ಮಾರಲು ಹೊರಟಿದ್ದಾರೆ. ನೀವು ಈಗಾಗಲೇ ಕೂಡಿಟ್ಟಿರುವುದರಲ್ಲೇ ಆ ಮನೆ ಆಗುತ್ತದೆ. ಬ್ರೋಕರನ್ನು ಅಲ್ಲಿಗೇ ಕರೆಸಿದೆ. ಮೇಲಿನ ಬಡಾವಣೆಯ ವ್ಯವಹಾರ ಕುದುರಿಸುತ್ತಿರುವ ಅದೇ ಮನುಷ್ಯ. "ಇದನ್ನ ಯಾಕೆ ನಮಗೆ ಹೇಳಲಿಲ್ಲ" ಎಂದರೆ, "ನಿಮ್ಮಪ್ಪ ಮೇಲಕ್ಕೆ ಹೋಗಬೇಕು ಅಂದ್ರೆ ನಾನು ಕೆಳಗೆ ಎಳೀಲಾ" ಎಂದ. ಹಾಗೆಯೇ ದನಿ ತಗ್ಗಿಸಿ, ಮಾಸ್ತರರು ಪಕ್ಕದಲ್ಲೇ ನಿಂತಿದ್ದಾರೆ ಎಂಬುದು ಲೆಕ್ಕಕ್ಕೇ ಇಲ್ಲದಂತೆ, "ಈ ಯಜಮಾನರದ್ದೇನೂ ತಲೆ ಕೆಡಿಸ್ಕೋಬೇಡಿ, ಖಾಲಿ ಮಾಡಿಸಿಯೇ ಕೊಡ್ತೀವಿ" ಎಂದ. ಮಾಸ್ತರರು ಕ್ಲಾರಿನೆಟ್ಟಿನ ಬಾಯಿಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು.

ಒಪ್ಪಿಕೊಂಡು ಬಿಡುತ್ತೇನೆ ಎಂದುಕೊಂಡಿರಾ? ನಮ್ಮನ್ನು ಲಾಂಡ್ರಿಯವರು ಏಳಿಸಿದರು ಎಂದು ನಾವು ಹೋಗಿ ಇನ್ನೊಬ್ಬರನ್ನು ಏಳಿಸುವುದಾದರೆ ನಾನು ಈ ತನಕ ಓದಿದ್ದನ್ನೆಲ್ಲ ಒಲೆಗೆ ಹಾಕಬೇಕು. ಅವರು ಇರುವುದಾದರೆ ಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಬ್ರೋಕರು, "ನಿಮ್ಮಪ್ಪನ್ನ ಕೇಳ್ದೇನಾ" ಎಂದ. ಅಮ್ಮನನ್ನು ಕೇಳುತ್ತೇನೆ ಎಂದೆ. ಸಂಜೆಗೆ ಅಮ್ಮನನ್ನು ಕರೆದುಕೊಂಡು ಹೋದೆ. ಅವಳು ಕಾಲಿಟ್ಟವಳೇ ಮುಂಗೋಣೆಯ ಕಿಟಕಿಯ ಹತ್ತಿರ ನಿಂತು, ಇಲ್ಲದ ಮಷೀನಿನ ಮುಂದೆ ಕೂರುವಂತೆ ಬೆನ್ನು ಬಗ್ಗಿಸಿ ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಿದಳು. ಆಮೇಲೆ ಅವಳೂ ಮಾಸ್ತರರೂ ಎರಡು ದೇಶದವರ ಹಾಗೆ ಎದುರುಬದುರು ಕೂತು ಒಪ್ಪಂದಕ್ಕೆ ಇಳಿದರು. "ಗಿರಾಕಿ ಇದ್ದಾಗ ಊದಬಾರದು" ಎಂದಳು ಅಮ್ಮ. "ಗಿರಾಕಿ ಯಾವಾಗ ಇರಲ್ಲ?" ಎಂದರು ಅವರು. "ಊಟದ ಹೊತ್ತಲ್ಲಿ." "ಊಟದ ಹೊತ್ತಲ್ಲಿ ನಾನೂ ಉಣ್ಣಬೇಕಲ್ಲಮ್ಮ." ಕೊನೆಗೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಂದಿಷ್ಟು, ಸಂಜೆ ಒಂದಿಷ್ಟು ಎಂದು ತೀರ್ಮಾನವಾಯಿತು. "ನಿಮ್ಮ ಮಷೀನು ತಾಳ ತಪ್ಪದಿದ್ರೆ ನನಗೇನೂ ತಕರಾರಿಲ್ಲ" ಎಂದು ಮಾಸ್ತರರು ಕೊನೆಯ ಮಾತು ಗೆದ್ದರು. ಅಮ್ಮ ನಕ್ಕಳು. ಬಹಳ ದಿನದ ಮೇಲೆ ಅವಳು ಗಟ್ಟಿಯಾಗಿ ನಗುವುದನ್ನು ಕೇಳಿದೆ.

ನಿಮಗೆ ಆಗುವ ನಷ್ಟವನ್ನು ಮುಚ್ಚಿಡುವುದಿಲ್ಲ. ಆ ಮನೆಯಲ್ಲಿ ನೀವು ಬಯಸಿದ ಮೌನವಿಲ್ಲ. ಬೆಳಗಿನ ಮೊದಲ ಬಸ್ಸುಗಳು ಹೊರಡುವಾಗ ಗಾಜು ನಡುಗುತ್ತದೆ. ಹಿಂದಿನ ಕೋಣೆಯಿಂದ ಕ್ಲಾರಿನೆಟ್ಟು, ಮುಂದಿನಿಂದ ಮಷೀನು, ನಡುವೆ ನನ್ನ ಬಾಯಿ. ನೀವು ಸಿಟ್ಟಾಗಬಹುದು. ದುಡಿದವರು ನೀವು, ಆರಿಸುವವಳು ಇವಳು ಯಾರು ಎನ್ನಬಹುದು. ಅನ್ನಿ. ಆದರೆ ಇಲ್ಲಿ ದುಡಿದವರು ನೀವೊಬ್ಬರೇ ಅಲ್ಲ ಎಂದು ನಾನು ನಿಮ್ಮ ಎದುರು ನಿಂತೂ ಹೇಳಬಲ್ಲೆ. ನೀವೇ ಅಲ್ಲವೇ ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಹೆದರಿಕೆ ಆದಾಗ ಇನ್ನೂ ಜೋರಾಗಿ ಮಾತಾಡು ಎಂದು ಕಲಿಸಿದವರು? ಅದನ್ನೇ ಮಾಡುತ್ತಿದ್ದೇನೆ. ಮೇಲಿನ ಬಡಾವಣೆಯ ಒಪ್ಪಂದದ ಕಾಗದವನ್ನು ಬ್ರೋಕರು ನಿಮ್ಮ ಮುಂದಿನ ಬಂದರಿಗೆ ಕಳಿಸಿದ್ದಾನೆ. ಅದಕ್ಕೆ ಸಹಿ ಹಾಕಬೇಡಿ. ಹಾಕಿದರೂ ನಿಮ್ಮ ಮಗಳು ಆ ಗೇಟಿನೊಳಗೆ ಮುಂದಿನಿಂದಲೂ ಬರುವುದಿಲ್ಲ, ಹಿಂದಿನಿಂದಲೂ ಬರುವುದಿಲ್ಲ.

ಹನಿ ಹಾಕಿಕೊಳ್ಳಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಡೆಕ್ಕಿನ ಮೇಲೆ ಹೋಗಿ ಗಾಳಿಗೆ ನಿಲ್ಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಜಗಳ ಎಷ್ಟಿದ್ದರೂ ನಿಮ್ಮ ಕಾಲಿಗೆ ಬೀಳುವುದರಲ್ಲಿ ನನಗೆ ತಕರಾರಿಲ್ಲ ಎಂದು ತಿಳಿಯಿರಿ.

ನೀವೇ ಹೆಸರಿಟ್ಟ,
ನಿಮ್ಮ ಬೆಂಕಿಪೊಟ್ಟಣ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಹುಟ್ಟಿದ್ದು. ಲಕೋಟೆ ಅಂಟಿಸುವ ಮೊದಲು ಅಮ್ಮ ಪತ್ರ ಕಿತ್ತುಕೊಂಡು ಪೂರ್ತಿ ಓದಿದಳು. ಡ್ರೈವರನ ಪ್ಯಾಂಟಿನ ವಿಷಯ ಹೊಡೆದುಹಾಕು ಎಂದಳು, ನಾನು ಹೊಡೆದುಹಾಕಿಲ್ಲ. ಆಮೇಲೆ ಎದ್ದು ಹೋಗಿ ಮಷೀನಿನ ಮುಂದೆ ಕೂತು, ನನ್ನ ಕಡೆ ನೋಡದೆ ಹೇಳಿದಳು: "ಇಷ್ಟುದ್ದ ಬರೆದು ಮುಖ್ಯವಾದ್ದೇ ಬಿಟ್ಟಿದೀಯ. ನನಗೆ ಗುಡ್ಡವೂ ಒಂದೇ, ಡಿಪೋನೂ ಒಂದೇ. ನಿಮ್ಮಪ್ಪ ಹಡಗು ಬಿಟ್ಟು ಬರೋದಾದ್ರೆ ಡಿಪೋ ಮನೆಗೆ ನಾಳೆನೇ ಸಹಿ ಹಾಕ್ತೀನಿ. ಬರೋದಿಲ್ಲ ಅಂದ್ರೆ ನನ್ನ ಸಹಿ ಯಾವ ಮನೆಗೂ ಇಲ್ಲ. ನಾವಿಬ್ಬರು ಹೆಂಗಸರಿಗೆ ಬಾಡಿಗೆ ಕೋಣೆ ಸಾಕು ಅಂತ ಬರಿ." ಎರಡೂ ಮನೆಯ ಕಾಗದದಲ್ಲಿ ನಿಮ್ಮಿಬ್ಬರ ಸಹಿಯೂ ಬೇಕಂತೆ, ಅವಳು ಬ್ರೋಕರನ್ನು ಆಗಲೇ ವಿಚಾರಿಸಿಕೊಂಡಿದ್ದಾಳೆ. ಅವಳು ಹೇಳಿದ ಹಾಗೇ ಬರೆದಿದ್ದೇನೆ, ಒಂದು ಪದ ಮೆತ್ತಗೆ ಮಾಡಿಲ್ಲ. ಬರುವ ದಿನ ತಿಳಿಸಿ, ಬಂದರಿಗೆ ಇಬ್ಬರೂ ಬರುತ್ತೇವೆ.