ನಿಮ್ಮ ದನಿಯಲ್ಲಿ ಬಂದ ಫೋನು

ನಿಡಾಲನ ಅಪ್ಪಾ,

ಇರ್ಬಿದ್‌ಗೆ ಅಕ್ಕನ ಮನೆಗೆ ಹೊರಟಿದೀನಿ, ನಾಳೆ ಸಂಜೆ ಬರ್ತೀನಿ. ಬೇಳೆ ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ. ಇವತ್ತು ನೀರು ಬಿಡೋ ದಿನ. ಟ್ಯಾಂಕ್ ತುಂಬಿದ ಮೇಲೆ ಮೋಟಾರ್ ಆಫ್ ಮಾಡಿ. ಹೋದ ವಾರದ ಹಾಗೆ ಮರೆತು ಕೂತರೆ ಕೆಳಗಿನ ಮನೆಯವರಿಗೆ ನೀವೇ ಉತ್ತರ ಹೇಳ್ಕೊಳ್ಳಿ.

ಇನ್ನೊಂದು ವಿಷಯ. ನೆನ್ನೆ ಮಧ್ಯಾಹ್ನ ಒಂದು ಫೋನ್ ಬಂತು. ನಿಮ್ಮದೇ ದನಿ, ಆ ಕೆಮ್ಮು ಸಮೇತ. ಬ್ಯಾಂಕಿನಿಂದ ಬಂದ ಒಟಿಪಿ ಹೇಳು ಅಂದ. ಹೇಳಲಿಲ್ಲ, ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ ಮಾಡಿದ ಕಳ್ಳ ದನಿಗೆ ಮೋಸ ಹೋಗಬೇಡಿ ಅಂತ ನೀವು ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ಅಂಥದ್ದೇ. ನಿಮ್ಮ ಕಂಪನಿಯವರು ಜಾಹೀರಾತಿಗೆ ಹಾಕಿದ ನಿಮ್ಮ ಭಾಷಣದಿಂದಲೇ ಕದ್ದಿರಬೇಕು.

ಬಾಯಿ ತೆರೆದ ಕೂಡಲೇ ನೀವಲ್ಲ ಅಂತ ಗೊತ್ತಾಯ್ತು. ಅವನು ನನ್ನನ್ನ "ರುದೈನಾ" ಅಂತ ಹೆಸರು ಹಿಡಿದು ಕರೆದ. ಮಗ ಹುಟ್ಟಿದ ಮೇಲೆ ಈ ಇಪ್ಪತ್ತಾರು ವರ್ಷದಲ್ಲಿ ನೀವು "ನಿಡಾಲನ ಅಮ್ಮ" ಅಂತಲ್ಲದೆ ಬೇರೆ ಕರೆದದ್ದಿಲ್ಲ.

ಆದರೂ ತಕ್ಷಣ ಫೋನ್ ಇಡಲಿಲ್ಲ. ಕೇಳಿಸ್ತಿಲ್ಲ, ಯಾರು ಬೇಕಿತ್ತು ಅಂತ ಕೇಳಿ ಕೇಳಿ, ನಿಮ್ಮ ದನಿಯಲ್ಲಿ ನಾಲ್ಕು ಸಲ ನನ್ನ ಹೆಸರು ಹೇಳಿಸ್ಕೊಂಡೆ.