ಯರ್ರಪ್ಪನ ಹೆದೆ

೮-೧-೧೯೧೨, ಸೋಮವಾರ

ಬೆಳಿಗ್ಗೆ ಉಣ್ಣೆ ತೂಕ. ಮಧ್ಯಾಹ್ನವೂ ಉಣ್ಣೆ ತೂಕ. ಸಂಜೆ ಗೋದಾಮಿನ ಬಾಗಿಲು ಹಾಕಿಕೊಂಡು ಡಬಲ್ ಬೇಸ್ ಹಿಡಿದೆ. ಬಳ್ಳಾರಿ ದಂಡಿನ ಬ್ಯಾಂಡಿನವರು ಹರಾಜಿಗಿಟ್ಟಿದ್ದು, ನನಗಿಂತ ಎತ್ತರದ ಪಿಟೀಲು. ಮೂರು ತಂತಿಗಳಲ್ಲಿ ಎರಡು ಪರವಾಗಿಲ್ಲ. ದಪ್ಪನೆಯದು ಸತ್ತೇ ಹೋಗಿದೆ. ಕಮಾನು ಎಳೆದರೆ ಕೆಮ್ಮುತ್ತದೆ.

ನಾಟಕ ಕಂಪನಿಯ ಪ್ರೊಪ್ರೈಟರ್ ಮುರುಗೇಂದ್ರಪ್ಪನವರ ಮಾತು ಖಡಾಖಂಡಿತ. ಫೆಬ್ರವರಿ ಮೂರನೇ ತಾರೀಖಿನ ಆಟದಲ್ಲಿ ಇದು ಗುಡುಗಿದರೆ ನಾನು ಕಂಪನಿಯ ಜೊತೆ ದಾವಣಗೆರೆಗೆ. ಇಲ್ಲದಿದ್ದರೆ ಅಣ್ಣ ಶಿವಮೂರ್ತಪ್ಪನ ತಕ್ಕಡಿಯ ಮುಂದೆಯೇ ನನ್ನ ಹೆಣ ಬೀಳುವುದು.

೧೨-೧, ಶುಕ್ರವಾರ

ಮೊಳಕಾಲ್ಮುರು. ಸತ್ತ ತಂತಿಯ ಬದಲಿಗೆ ನೇಕಾರ ಪಾತಣ್ಣನಿಂದ ರೇಷ್ಮೆ ಹುರಿ ಮಾಡಿಸಿದೆ. ಅವ್ವನಿಗೂ ಸಮಾಧಾನ. ಇಂಥ ತಂತಿ ಕುರಿಯ ಕರುಳಿನದು; ಲಿಂಗ ಕಟ್ಟಿಕೊಂಡವನು ಅದನ್ನು ಮುಟ್ಟಬಾರದೆಂದು ಅವಳ ಹಟ.

ಪಾತಣ್ಣ ಕೇಳಿದ: "ಸೀರೆನೂ ಉಡಿಸ್ತೀರೇನ್ರಿ ಅದಕ್ಕೆ?"

ಕಟ್ಟಿ ನೋಡಿದೆ. ಕಂಬಳಿಯೊಳಗೆ ಸಿಕ್ಕ ನೊಣದ ದನಿ. ಕಿತ್ತು ಬಿಸಾಕಿದೆ.

೧೬-೧, ಮಂಗಳವಾರ

ಬಳ್ಳಾರಿಯಿಂದ ಹೊಸ ಕರುಳಿನ ತಂತಿ ಬಂತು. ಅವ್ವನಿಗೆ ರೇಷ್ಮೆ ಎಂದೇ ಹೇಳಿದ್ದೇನೆ. ಬಿಗಿದಷ್ಟೂ ಜಗ್ಗುತ್ತದೆ, ಶ್ರುತಿ ನಿಲ್ಲದು. ಎರಡು ತಿಂಗಳು ನುಡಿಸಿ ಪಳಗಿಸಬೇಕಂತೆ. ಎರಡು ತಿಂಗಳನ್ನು ಎಲ್ಲಿಂದ ತರಲಿ?

ಸಿಟ್ಟಿನಲ್ಲಿ ಕಮಾನು ಕೆಳಗಿಟ್ಟೆ. ಆಗ ಕೇಳಿತು. ಧುಂ... ಧುಂ... ಗೋದಾಮಿನ ಹಿಂದಿನ ಮನೆಯ ಯರ್ರಪ್ಪ ನಮ್ಮ ಉಣ್ಣೆ ಹಿಂಜುತ್ತಿದ್ದ. ಹುಟ್ಟಿದಾಗಿನಿಂದ ಆ ಸದ್ದಿಗೆ ಶಾಪ ಹಾಕಿದವನು ನಾನು. ಉಣ್ಣೆ ಹಿಂಜುವ ಅವನ ಬಿಲ್ಲಿನ ಹೆದೆಯೂ ಕರುಳಿನದೇ. ಅವನಪ್ಪನ ಕಾಲದ್ದು. ಎರಡು ತಲೆಮಾರು ಬಡಿದು ಬಡಿದು ಪಳಗಿದ್ದು!

೧೭-೧, ಬುಧವಾರ

ಕೇಳಿದೆ. ಕೊಡಲಿಲ್ಲ. ಬದಲಿಗೆ ನನ್ನ ಹೊಸ ತಂತಿ ಕೊಡುತ್ತೇನೆಂದೆ.

"ಹೊಸಾದಕ್ಕೆ ಹರಳೆಣ್ಣೆ ಉಣಿಸಿ, ಕಲ್ಲು ಕಟ್ಟಿ ಇಳಿಬಿಟ್ಟು, ಮೆಲ್ಲಕೆ ಪಳಗಿಸ್ಬೇಕು ಸಾವ್ಕಾರ್ರೇ. ಅವಸರ ಮಾಡಿದ್ರೆ ಹರಿದು ಮಕಕ್ಕೇ ಬೀಳ್ತೈತೆ. ಅಲ್ಲೀತಂಕ ನಾವು ಏನ್ ಉಣ್ಣಾನ?"

ನಾಳೆಯಿಂದ ನಮ್ಮ ಉಣ್ಣೆ ಬೇರೆ ಕೇರಿಗೆ ಹೋಗುತ್ತದೆ ಎಂದೆ, ಅಷ್ಟೇ. ಅವನೇ ಹೆದೆ ಬಿಚ್ಚಿ ಕೈಗಿಟ್ಟ. ಹಳೆಯದು ಕೊಟ್ಟು ಹೊಸದು ಪಡೆದವನಿಗೆ ಮುಖ ಊದಿಸಿಕೊಳ್ಳಲು ಏನಿದೆಯೋ.

೧೮-೧, ಗುರುವಾರ

ಗುಡುಗಿತು! ನೆಲ ಅದುರಿ ಅಂಗಾಲಿಗೆ ಬಂತು. ಒಬ್ಬನೇ ಕೂತು ಅತ್ತೆ. ಇಂಥ ಸಂತೋಷ ಈ ಜನ್ಮದಲ್ಲಿ ಕಂಡಿರಲಿಲ್ಲ.

೨೪-೧, ಬುಧವಾರ

ಯರ್ರಪ್ಪ ಕೆಲಸ ನಿಲ್ಲಿಸಿ ಕೂತಿದ್ದಾನೆ. ಹೊಸ ಹೆದೆ ಬೇವಿನ ಕೊಂಬೆಯಲ್ಲಿ, ತುದಿಗೆ ಕಲ್ಲು. ಹಿಂಜಿದ ಉಣ್ಣೆ ಯಾಕೆ ಬರಲಿಲ್ಲ ಎಂದು ಅಣ್ಣ ಕೂಗಾಡಿದ. ಅವನೇ ವಿಚಾರಿಸಲು ಹೋದರೆ ಹೆದೆಯ ಕಥೆ ಹೊರಬೀಳುತ್ತದೆ, ತಂತಿ ಕೈತಪ್ಪುತ್ತದೆ. ನಾನೇ ಹೋಗಿ, ನಾಳೆಯೇ ಹೆದೆ ಏರಿಸಬೇಕು ಎಂದೆ.

"ಇನ್ನೂ ಹಸಿ ಐತೆ," ಅಂದ.

ಏರಿಸು ಎಂದೆ.

೨೬-೧, ಶುಕ್ರವಾರ

ಹರಿಯಿತು. ಯರ್ರಪ್ಪನ ಬಲಗಣ್ಣಿಗೆ ಬಡಿಯಿತು. ಸೊಸೆ ಚಿನ್ನಕ್ಕನ ಚೀರಾಟ ಗೋದಾಮಿಗೆ ಕೇಳಿಸಿತು. ಯುದ್ಧದ ಸೀನಿನ ರಿಹರ್ಸಲ್ ಮಧ್ಯದಲ್ಲಿದ್ದೆ. ಮುಗಿಸಿ ಹೋದೆ. ಕಣ್ಣು ಉಳಿಯುವುದಿಲ್ಲವಂತೆ.

ಅವಸರ ಮಾಡಬಾರದೆಂದು ಅವನೇ ಹೇಳಿದ್ದನಲ್ಲ. ಮೆಲ್ಲಗೆ ಬಡಿಯಬೇಕಿತ್ತು.

೪-೨, ಭಾನುವಾರ

ನಿನ್ನೆ ಆಟ. ರಾಜ ಸಾಯುವ ಸೀನಿನಲ್ಲಿ ದಪ್ಪ ತಂತಿಯೊಂದನ್ನೇ ಎಳೆದೆ. ಟೆಂಟಿನಲ್ಲಿ ಕೂಸೂ ಅಳಲಿಲ್ಲ. ಮುರುಗೇಂದ್ರಪ್ಪನವರು ಎಲ್ಲರೆದುರು ತಬ್ಬಿಕೊಂಡರು.

ಹೊರಗೆ ಯರ್ರಪ್ಪ ನಿಂತಿದ್ದ, ಕಣ್ಣಿಗೆ ಬಟ್ಟೆ, ಚಿನ್ನಕ್ಕನ ಹೆಗಲ ಮೇಲೆ ಕೈ. ನ್ಯಾಯ ಕೇಳಲು ಬಂದನೆಂದುಕೊಂಡೆ.

"ನಮ್ಮಪ್ಪನ ದನಿ. ಗುರ್ತು ಸಿಕ್ತು," ಅಂದ. ಬೇರೆ ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿದ್ದೆ ಬರಲಿಲ್ಲ.

ಇವತ್ತು ಪ್ರೊಪ್ರೈಟರ್ ಹೊಸ ರಾಗ ತೆಗೆದಿದ್ದಾರೆ. "ಒಂದು ತಂತಿ ಹುಲಿ, ಪಕ್ಕದ್ದು ಬೆಕ್ಕು. ಇದೇ ಜಾತಿದು ಇನ್ನೊಂದು ಹಾಕ್ರಿ ತೋಟಪ್ಪ. ಇಲ್ಲಾಂದ್ರೆ ಬರೋದು ಬ್ಯಾಡ. ನಾಳೆ ಸಂಜಿ ಬಂಡಿ ಹೊರಡ್ತಾವೆ."

೫-೨, ಸೋಮವಾರ, ಮಧ್ಯಾಹ್ನ

ಆ ಮನೆಯಲ್ಲಿ ಇನ್ನೊಂದು ಬಿಲ್ಲಿದೆ, ಚಿನ್ನಕ್ಕನದು. ಹೆದೆ ಸ್ವಲ್ಪ ಸಣ್ಣ. ಈಗ ಅದೊಂದೇ ಅವರಿಗೆ ಅನ್ನ. ಬೇಡ. ನಾನೇನು ಕಟುಕನೇ? ಬೆಳಿಗ್ಗೆಯಿಂದ ಹೀಗೆಯೇ ಹೇಳಿಕೊಳ್ಳುತ್ತಿದ್ದೇನೆ.

ಅವಳು ಹಿಂಜುತ್ತಿದ್ದಾಗ ನನ್ನ ಎರಡನೇ ತಂತಿ ಮೀಟಿ ನೋಡಿದೆ. ಸುಮ್ಮನೆ ನೋಡಿದ್ದು. ಅದೇ ಶ್ರುತಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಈಗ ಸದ್ದು ನಿಂತಿದೆ. ಕಿಟಕಿಯಿಂದ ಕಾಣುತ್ತದೆ. ಬಿಲ್ಲು ಗೂಟಕ್ಕೆ ನೇತುಹಾಕಿ ಚಿನ್ನಕ್ಕ ಕೊಡ ಹೊತ್ತು ಬಾವಿಗೆ ಹೋದಳು. ಯರ್ರಪ್ಪ ಜಗಲಿಯ ಮೇಲೆ. ಬಾಗಿಲು ಅವನ ಬಲಕ್ಕೆ. ಆ ಕಡೆ ಅವನಿಗೆ ಕಾಣುವುದಿಲ್ಲ. ಚಪ್ಪಲಿ ಬಿಟ್ಟು ಹೋದರೆ...