ಖಾಲಿ ಬಿಟ್ಟ ಕುರ್ಚಿ

ಹೊಸ ಬೆಂಗ್ರೆ
ಫೆಬ್ರವರಿ ಮೂವತ್ತು, ೨೧೯೧

ಹಿಂದಿನವರೇ,

ನಿಮ್ಮ ಪಂಚಾಂಗದಲ್ಲಿ ಈ ತಾರೀಕು ಇಲ್ಲವೆಂದು ಗೊತ್ತು. ನಮ್ಮಲ್ಲಿ ಉಂಟು. ಅಂದು ಬ್ಯಾಂಕು, ಕಚೇರಿ ಯಾವುದೂ ತೆರೆಯುವುದಿಲ್ಲ, ಹಾಗಾಗಿ ಮನಸ್ಸಿನಲ್ಲಿದ್ದುದನ್ನು ಬರೆಯಲು ಪುರುಸೊತ್ತು ಸಿಗುತ್ತದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನೂರೈವತ್ತು ವರ್ಷ ಉಪ್ಪುನೀರಿನಲ್ಲಿ ನೆನೆದ ಕನ್ನಡ ಇದು.

ನಾನು ವಾರಿಜಾ ಸಾಲಿಯಾನ್. ಹಳೆಯ ಬೆಂಗ್ರೆಯನ್ನು ಕಡಲು ನುಂಗಿದ ಮೇಲೆ ನಾವು ಏರುಮನೆಗಳಲ್ಲಿದ್ದೇವೆ. ಉಬ್ಬರಕ್ಕೆ ಮೇಲೇಳುವ, ಇಳಿತಕ್ಕೆ ಕೂರುವ ಮನೆಗಳಿವು. ಬೂತಾಯಿ ಈಗ ಹಬ್ಬದ ದಿನದ ಮೀನು. ಉಳಿದ ದಿನ ಕಡಲಪಾಚಿಯ ಹಪ್ಪಳ, ಪಾಚಿಯದೇ ಗಸಿ. ಆ ಪಾಚಿಯನ್ನು ಒಣಗಿಸಿ ಮಾರಲು ನಮಗಿದ್ದದ್ದು ಒಂದೇ ಒಣ ನೆಲ. ಅದನ್ನು ಕಡಲಂಗಳ ಎನ್ನುತ್ತಿದ್ದೆವು. ಊರಿನ ಹೆಂಗಸರ ಅನ್ನ ಅದರ ಮೇಲೆಯೇ ನಿಂತಿತ್ತು.

ನಿಮ್ಮ ಕಾಲದಲ್ಲಿ ಲಾಬಿ ಎಂಬುದು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತಂತೆ. ನಾವು ಜಾಣರಾದೆವು, ಅಥವಾ ಹಾಗೆಂದುಕೊಂಡೆವು. ಸರ್ಕಾರದ ಕಿವಿ ಊದುವವರಿಗೆ ಕಿವಿಗಾರರೆಂದು ಹೆಸರಿಟ್ಟು ಹಳದಿ ಮುಂಡಾಸು ಕಟ್ಟಿಸಿದೆವು. ಅವರು ಯಾರ ಮನೆಗೆ ಹೋದರೂ ಊರಿಗೆ ಕಾಣಬೇಕು. ಬ್ಯಾಂಕಿನಿಂದ ಮಂತ್ರಿಗಿರಿಗೆ ಹೋಗುವವರು ಮೊದಲು ಒಂದು ವರ್ಷ ಹೊಸಿಲುಮನೆಯಲ್ಲಿ ಇರಬೇಕೆಂದು ಕಾನೂನು ಮಾಡಿದೆವು. ಅದು ಕದವಿಲ್ಲದ ಮನೆ. ಹಳೆಯ ಸಂಬಂಧಗಳು ಅಲ್ಲಿ ಬಿಸಿ ಗಂಜಿಯ ಹಾಗೆ ಆರಬೇಕು. ಆ ಮನೆಯ ಉಸ್ತುವಾರಿ ನನ್ನದು.

ಅಲ್ಲಿಗೆ ಬಂದವಳು ಮಂದಾಕಿನಿ ಕರ್ಕೇರ, ಪಡುಗಡಲು ಬ್ಯಾಂಕಿನ ಅಧ್ಯಕ್ಷೆ, ನಮ್ಮ ಮಂದಕ್ಕ. ಅವಳ ಅಮ್ಮನೂ ನನ್ನ ಅಮ್ಮನೂ ಕಡಲಂಗಳದಲ್ಲಿ ಒಟ್ಟಿಗೆ ಪಾಚಿ ಹರವಿದವರು. ಅವಳು ಮಂತ್ರಿಯಾಗುತ್ತಾಳೆಂದು ತಿಳಿದಾಗ ಮನೆಮನೆಯಲ್ಲಿ ಗೋಳಿಬಜೆ ಕರಿದೆವು. ವರ್ಷವಿಡೀ ಅವಳು ನನ್ನೊಡನೆ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿದಳು. ಹಳದಿ ಮುಂಡಾಸು ಒಂದೂ ಅತ್ತ ಸುಳಿಯಲಿಲ್ಲ. ಹೊರಡುವ ದಿನ ಕಡಲಂಗಳದ ಕಡೆ ನೋಡುತ್ತ, ನಾನಿರುವವರೆಗೆ ಅದನ್ನು ಯಾರೂ ಮುಟ್ಟಲಾರರು ಎಂದಿದ್ದಳು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೆ.

ಬ್ಯಾಂಕಿನವರು ಮಾತ್ರ ಅವಳ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ. ಅವಳ ಶಾಲನ್ನು ಅದರ ಬೆನ್ನಿಗೆ ಹೊದಿಸಿ ಹಾಗೆಯೇ ಬಿಟ್ಟರು. ಹಿರಿಯರು ತೀರಿಕೊಂಡ ಮೇಲೂ ಅವರು ಊಟಕ್ಕೆ ಕೂರುತ್ತಿದ್ದ ಮಣೆಯನ್ನು ಕೆಲವು ಕಾಲ ಖಾಲಿ ಬಿಡುವ ಜನ ನಾವು. ಇದೂ ಅಂಥದೇ ಮರ್ಯಾದೆ ಎಂದುಕೊಂಡೆವು. ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಆ ಕುರ್ಚಿ ತೋರಿಸಿದೆವು.

ಮಂತ್ರಿಯಾಗಿ ಅವಳು ಹೊರಡಿಸಿದ ಮೊದಲ ದೊಡ್ಡ ಆದೇಶ ಕಡಲಂಗಳದ್ದೇ. ಅದು ಒಂದು ಹಡಗು ಕಂಪೆನಿಯ ಗೋದಾಮಿಗೆ ಹೋಯಿತು. ಗೋದಾಮು ಕಟ್ಟಲು ಸಾಲ ಕೊಟ್ಟದ್ದು ಪಡುಗಡಲು ಬ್ಯಾಂಕು. ನಾವು ಕಿವಿಗಾರರನ್ನು ಬೀದಿಯಲ್ಲಿ ಹಿಡಿದು ನಿಲ್ಲಿಸಿ ಜರೆದೆವು, ಅವಳ ಮನೆಯ ಕಾವಲಿನವರನ್ನು ಕೇಳಿದೆವು. ಯಾರೂ ಅವಳ ಬಳಿ ಹೋಗಿರಲಿಲ್ಲ.

ಏನಾದರೂ ದಾರಿ ಇದೆಯೇ ಎಂದು ಕೇಳಲು ಬ್ಯಾಂಕಿಗೆ ಹೋದೆ. ಒಳಕೋಣೆಯಲ್ಲಿ ಕಾಯಲು ಹೇಳಿದರು. ನಿಂತು ನಿಂತು ಸಾಕಾಗಿ, ಕಂಡ ಕುರ್ಚಿಯಲ್ಲಿ ಕೂತುಬಿಟ್ಟೆ. ಅಟೆಂಡರ್ ಗಾಬರಿಯಿಂದ ಓಡಿಬಂದ. ಪಾಪದವ, ಸುಳ್ಳು ಹೇಳಲು ಬಾರದವ.

“ಅಲ್ಲಿಂದ ಏಳಿ ಮಾರಾಯ್ರೆ. ಮೇಡಂ ವಾಪಸ್ ಬರ್ಲಿಕ್ಕುಂಟಲ್ಲ.”

ಎದ್ದು ನೋಡಿದೆ. ಕುರ್ಚಿಯ ಮೇಲೆ ಧೂಳಿರಲಿಲ್ಲ. ಶಾಲು ಆಗಷ್ಟೇ ಇಸ್ತ್ರಿ ಮಾಡಿದ್ದು.

ಬಂದಳು. ಅವಧಿ ಮುಗಿದ ವಾರವೇ ಬಂದು ಅದರಲ್ಲಿ ಕೂತಳು. ಕಿವಿಗಾರರ ಸಂಘಕ್ಕೂ ಈಗ ಅವಳೇ ಅಧ್ಯಕ್ಷೆ. ನಾನು ಹೋಗಿ ಎದುರು ನಿಂತು, ಯಾರ ಮಾತು ಕೇಳಿ ಕಡಲಂಗಳ ಕೊಟ್ಟೆ ಎಂದು ನಮ್ಮಿಬ್ಬರ ಅಮ್ಮಂದಿರ ಹೆಸರು ಹಿಡಿದು ಕೇಳಿದೆ.

“ವಾರಿಜಾ, ನನ್ನ ಹತ್ರ ಯಾರೂ ಏನೂ ಕೇಳ್ಲಿಲ್ಲ, ನಿನ್ನಾಣೆ,” ಎಂದಳು.

ಅದು ಸುಳ್ಳಲ್ಲ. ಅದಕ್ಕೇ ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ. ಅಲ್ಲಿ ಕುರ್ಚಿ ಕಾದಿರುವಾಗ ಇಲ್ಲಿ ಯಾರು ಬಂದು ಕಿವಿ ಊದಬೇಕು? ಪರರು ಮೋಸ ಮಾಡಿದರೆ ಬೈದು ಮರೆಯಬಹುದು. ಇವಳು ನನ್ನ ಕೈಯ ಗಂಜಿ ಉಂಡವಳು, ನಂಬಿದವರ ಕುತ್ತಿಗೆ ಕೊಯ್ದವಳು.

ಈಗ ಹೊಸಿಲುಮನೆಯ ಮಾಡಿನ ಮೇಲೆ ಪಾಚಿ ಒಣಗಿಸುತ್ತೇವೆ. ಸರದಿಯಲ್ಲಿ ಒಬ್ಬೊಬ್ಬರಿಗೆ ಒಂದು ಚಾಪೆಯಷ್ಟು ಜಾಗ. ಸರದಿ ಬಾರದ ಮನೆಯಲ್ಲಿ ಪಾಚಿ ಕೊಳೆಯುತ್ತದೆ.

ನಿಮ್ಮ ಕಾಲದಲ್ಲೂ ಬ್ಯಾಂಕಿನ ದೊಡ್ಡವರು ಸರ್ಕಾರಕ್ಕೆ ಹೋಗುತ್ತಾರೆಂದು ಓದಿದ್ದೇನೆ. ಹಾರ ಹಾಕುವುದಿದ್ದರೆ ಹಾಕಿ. ಆದರೆ ನಮ್ಮ ಹಾಗೆ ಅವರ ಹೊಸ ಮನೆಯ ಬಾಗಿಲು ಕಾಯುತ್ತ ಕೂರಬೇಡಿ. ಅವರು ಬಿಟ್ಟು ಬಂದ ಜಾಗಕ್ಕೆ ಹೋಗಿ ನೋಡಿ. ಕುರ್ಚಿ ಇನ್ನೂ ಖಾಲಿ ಇದ್ದರೆ, ಶಾಲನ್ನು ಪಕ್ಕಕ್ಕಿಟ್ಟು ಅದರಲ್ಲಿ ಕೂತುಬಿಡಿ. ಅಟೆಂಡರ್ ಏಳಿ ಎಂದಾಗ ನಾನು ಎದ್ದೆ. ನೀವು ಏಳಬೇಡಿ.

ವಾರಿಜಾ
ಹೊಸಿಲುಮನೆ